ಒಂಬತ್ತು ಪಿಕಾಚು, ಐದು ಚಾರ್ಮ್ಯಾಂಡರ್: ತುಮಕೂರಿನ ಕಾರ್ಡ್ ಸ್ಪರ್ಧೆಯೊಂದರ ಪ್ರಕರಣ ಅಧ್ಯಯನ

ಹಿನ್ನೆಲೆ

ಪೋಕೆಮಾನ್ ಟ್ರೇಡಿಂಗ್ ಕಾರ್ಡ್ ಆಟದಲ್ಲಿ ಡೆಕ್ (ಆಟಗಾರ ತನ್ನೊಂದಿಗೆ ತರುವ ಕಾರ್ಡ್‌ಗಳ ಕಟ್ಟು) ಕಟ್ಟುವ ನಿಯಮಗಳನ್ನು ಹೇಳಿ ಮುಗಿಸಲು ಒಂದು ನಿಮಿಷ ಸಾಕು. ಡೆಕ್‌ನಲ್ಲಿ 60 ಕಾರ್ಡ್‌ಗಳಿರಬೇಕು, ಒಂದು ಹೆಚ್ಚೂ ಇರಬಾರದು, ಒಂದು ಕಡಿಮೆಯೂ ಇರಬಾರದು. ಅವುಗಳಲ್ಲಿ ಒಂದಾದರೂ ಬೇಸಿಕ್ ಪೋಕೆಮಾನ್, ಎಂದರೆ ಕೈಯಿಂದ ನೇರವಾಗಿ ಆಟಕ್ಕಿಳಿಸಬಹುದಾದ ಪೋಕೆಮಾನ್ ಆಗಿರಬೇಕು. ದಾಳಿಗೆ ಶಕ್ತಿ ಒದಗಿಸುವ ಸಾಮಾನ್ಯ ಕಾರ್ಡ್‌ಗಳಾದ ಬೇಸಿಕ್ ಎನರ್ಜಿಯನ್ನು ಬಿಟ್ಟರೆ ಒಂದೇ ಹೆಸರಿನ ಕಾರ್ಡ್‌ಗಳು 4ಕ್ಕಿಂತ ಹೆಚ್ಚು ಇರಬಾರದು. ಇಷ್ಟು ಸರಳವಾಗಿ ಕಾಣುವ ಮೂರನೆಯ ನಿಯಮವು ತುಮಕೂರಿನಲ್ಲಿ ನಡೆದ ಸಣ್ಣ ಸ್ಪರ್ಧೆಯೊಂದನ್ನು ಮಧ್ಯಾಹ್ನದ ಹೊತ್ತಿಗೆ ನಿಲ್ಲಿಸಿಬಿಟ್ಟಿತು. ಆ ದಿನ ಅಂಕಪಟ್ಟಿ ಬರೆಯುವ ಕೆಲಸ ನನ್ನದಾಗಿದ್ದುದರಿಂದ ಎಲ್ಲರ ವಾದವನ್ನೂ ಪಕ್ಕದಲ್ಲೇ ಕುಳಿತು ಕೇಳುವ ಅವಕಾಶ ನನಗೆ ದೊರೆಯಿತು. ಭಾಗಿಗಳ ಗುರುತು ಸಿಗದಂತೆ ಅವರ ಊರು, ತರಗತಿ ಮೊದಲಾದ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಡೆಕ್‌ಗಳ ವಿವರವನ್ನೂ ತೀರ್ಪುಗಳ ಅನುಕ್ರಮವನ್ನೂ ಬದಲಿಸಿಲ್ಲ.

ಸ್ಪರ್ಧೆಗೆ ಬಂದವರಲ್ಲಿ ಎರಡು ಬಗೆಯ ಜನರಿದ್ದರು ಎಂಬುದನ್ನು ಮೊದಲೇ ಹೇಳಬೇಕು. ಬೆಳಗಿನ ರೈಲಿಗೆ ಬೆಂಗಳೂರಿಗೆ ಕೆಲಸಕ್ಕೆ ಹೋಗಿ ಸಂಜೆ ತುಮಕೂರಿಗೆ ಮರಳುವ ಉದ್ಯೋಗಿಗಳಲ್ಲಿ ಕೆಲವರು ಈ ಆಟವನ್ನು ಅಲ್ಲಿಯೇ ಸಹೋದ್ಯೋಗಿಗಳ ಜೊತೆ ಕಲಿತಿದ್ದರು. ನಿಯಮಪುಸ್ತಕ, ಡೆಕ್ ಪಟ್ಟಿ, ಸುತ್ತುಗಳು ಇವೆಲ್ಲ ಅವರಿಗೆ ರೂಢಿಯಾಗಿದ್ದವು. ಶಾಲೆ ಕಾಲೇಜಿನ ಮಕ್ಕಳ ಕೈಗಾದರೋ ಕಾರ್ಡ್‌ಗಳು ಮೊದಲು ಬಂದದ್ದು ಸ್ಟೇಷನರಿ ಅಂಗಡಿಯ ಬಾಗಿಲಲ್ಲಿ ನೇತುಹಾಕಿದ ಪೊಟ್ಟಣಗಳ ರೂಪದಲ್ಲಿ. ಚಿನ್ನದ ಬಣ್ಣದ ಆ ಪ್ಲಾಸ್ಟಿಕ್ ಕಾರ್ಡ್‌ಗಳಲ್ಲಿ ಹೆಚ್ಚಿನವು ನಕಲಿ. ಮಕ್ಕಳು ಅವುಗಳಲ್ಲಿ ಯಾರ ಕಾರ್ಡಿನ ಎಚ್‌ಪಿ (ಪೋಕೆಮಾನ್ ತಾಳಬಲ್ಲ ಹಾನಿಯ ಅಂಕ) ಹೆಚ್ಚು ಎಂದು ಹೋಲಿಸಿ ಆಡುತ್ತಿದ್ದರೇ ಹೊರತು 60 ಕಾರ್ಡಿನ ಡೆಕ್ ಕಟ್ಟುವುದು ಅವರ ಆಟದ ಭಾಗವೇ ಆಗಿರಲಿಲ್ಲ. ಅಸಲಿ ಕಾರ್ಡ್ ಕೊಂಡು, ನಿಯಮದಂತೆ ಆಡಲು ಕಲಿತ ಮೇಲೂ ಕಾರ್ಡನ್ನು ಅದರ ಚಿತ್ರದಿಂದ ಗುರುತಿಸುವ ಹಳೆಯ ಅಭ್ಯಾಸ ಹಾಗೆಯೇ ಉಳಿದಿತ್ತು. ಮುಂದೆ ಬರುವ ವಿವಾದಕ್ಕೆ ಈ ಅಭ್ಯಾಸವೂ ಒಂದು ಕಾರಣ.

ಬಿ.ಎಚ್. ರಸ್ತೆಯಿಂದ ಒಳಕ್ಕೆ ಹೋಗುವ ಬಡಾವಣೆಯೊಂದರಲ್ಲಿ, ಮಹಡಿಯ ಮೇಲಿನ ಸಭಾಂಗಣದಲ್ಲಿ 16 ಮಂದಿ ಆಟಗಾರರೊಂದಿಗೆ ಸ್ಪರ್ಧೆ ನಡೆಯಿತು. ಒಟ್ಟು 4 ಸುತ್ತುಗಳು. ಪ್ರತಿ ಪಂದ್ಯದಲ್ಲಿ 3 ಆಟಗಳಲ್ಲಿ 2 ಗೆದ್ದವರಿಗೆ ಜಯ. ಗೆಲುವಿಗೆ 3 ಅಂಕ, ಸಮಬಲಕ್ಕೆ 1. ಬಹುಮಾನ ಕೆಲವು ಬೂಸ್ಟರ್ ಪ್ಯಾಕ್‌ಗಳು (ಹೊಸ ಕಾರ್ಡ್‌ಗಳ ಪೊಟ್ಟಣಗಳು) ಮಾತ್ರ. ಯಾವ ವರ್ಷದ ಕಾರ್ಡ್ ಆದರೂ ತರಬಹುದು, ಆದರೆ ಅಸಲಿಯಾಗಿರಬೇಕು ಎಂದು ಆಯೋಜಕರು ತೀರ್ಮಾನಿಸಿದ್ದರು. ನಿಯಮಗಳನ್ನು ಒಂದು ಪುಟದಲ್ಲಿ ಬರೆದು ವಾರದ ಮುಂಚೆಯೇ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಲಾಗಿತ್ತು. ಆ ಪುಟದ ಮೂರು ಸಾಲುಗಳು ನಮಗೆ ಮುಖ್ಯ: ‘ಒಂದೇ ಕಾರ್ಡ್ 4ಕ್ಕಿಂತ ಹೆಚ್ಚು ಬೇಡ.’ ‘ಎನರ್ಜಿಗೆ ಮಿತಿ ಇಲ್ಲ.’ ‘ಉಳಿದದ್ದಕ್ಕೆ ಅಧಿಕೃತ ನಿಯಮಗಳೇ ಪ್ರಮಾಣ.’ ಸ್ಪರ್ಧೆ ಆರಂಭವಾಗುವ ಮೊದಲು ಯಾರ ಡೆಕ್ಕನ್ನೂ ಪರಿಶೀಲಿಸಲಿಲ್ಲ. ಹದಿನಾರು ಜನರ ಡೆಕ್ ಎಣಿಸುತ್ತ ಕುಳಿತರೆ ಬೆಳಗಿನ ಹೊತ್ತು ಅದರಲ್ಲೇ ಕಳೆಯುತ್ತದೆ ಎಂಬ ಅಳುಕು ಆಯೋಜಕರಿಗಿತ್ತು.

ಎರಡನೆಯ ಸುತ್ತಿನ ದೂರು

ಎರಡನೆಯ ಸುತ್ತಿನಲ್ಲಿ ಪಿಯುಸಿ ಓದುವ ವಿದ್ಯಾರ್ಥಿನಿಯೊಬ್ಬಳಿಗೂ ಪ್ರೌಢಶಾಲೆಯ ಹುಡುಗನೊಬ್ಬನಿಗೂ ಪಂದ್ಯ ಬಿತ್ತು. ಮೊದಲ ಆಟವನ್ನು ಹುಡುಗ ಗೆದ್ದ. ಆ ಆಟ ಮುಗಿಯುವಷ್ಟರಲ್ಲಿ ಅವನ ಕಡೆಯಿಂದ ಐದು ಪಿಕಾಚು ಹೊರಬಿದ್ದಿದ್ದನ್ನು ಗಮನಿಸಿದ ವಿದ್ಯಾರ್ಥಿನಿ ಕೈಯೆತ್ತಿ ತೀರ್ಪುಗಾರರನ್ನು ಕರೆದಳು. ‘ಸರ್, ನಾಲ್ಕಕ್ಕಿಂತ ಜಾಸ್ತಿ ಇಡಬಾರದು ಅಂತ ನೀವೇ ಹಾಕಿದ್ದೀರಿ. ಇವನ ಹತ್ರ ಆಗಲೇ ಐದು ಪಿಕಾಚು ಬಂದವೆ.’ ತೀರ್ಪುಗಾರರು ಹುಡುಗನ ಡೆಕ್ಕನ್ನು ತೆಗೆದುಕೊಂಡು ಎಣಿಸಿದಾಗ ಐದಲ್ಲ, ಒಂಬತ್ತು ಸಿಕ್ಕವು. ಹುಡುಗ ಮುಚ್ಚಿಡಲಿಲ್ಲ. ‘ಅಣ್ಣ, ನಾಲ್ಕು ಪಿಕಾಚು, ಮೂರು ಪಿಕಾಚು ವಿ, ಎರಡು ಪಿಕಾಚು ಇಎಕ್ಸ್. ಎಲ್ಲಾ ಬೇರೆ ಬೇರೆ ಅಲ್ವಾ?’ ಎಂದ. ವಿ, ಇಎಕ್ಸ್ ಎಂಬವು ಅದೇ ಪೋಕೆಮಾನಿನ ಹೆಚ್ಚು ಬಲದ ಕಾರ್ಡ್‌ಗಳ ಹೆಸರಿನ ತುದಿಗೆ ಬರುವ ಗುರುತುಗಳು.

ತೀರ್ಪುಗಾರರು ಸಾಫ್ಟ್‌ವೇರ್ ಉದ್ಯೋಗಿ, ಆಟ ಬಲ್ಲವರು, ಯಾರ ಪಕ್ಷವನ್ನೂ ವಹಿಸುವವರಲ್ಲ. ಆದರೆ ಅಕ್ಕಪಕ್ಕದ ಮೇಜುಗಳಲ್ಲಿ ಆಟ ನಡೆಯುತ್ತಿದ್ದುದರಿಂದ ತೀರ್ಪನ್ನು ಬೇಗ ಕೊಡಬೇಕಿತ್ತು. ಅವರು ನಿಯಮದ ಮಾತನ್ನು ಬಿಟ್ಟು ಅದರ ಉದ್ದೇಶವನ್ನು ಹಿಡಿದರು. ಡೆಕ್‌ನಲ್ಲಿ ವೈವಿಧ್ಯ ಇರಲಿ, ಒಂದೇ ಬಲಶಾಲಿ ಕಾರ್ಡ್ ಮತ್ತೆ ಮತ್ತೆ ಕೈಗೆ ಬಾರದಿರಲಿ ಎಂದು ಈ ಮಿತಿಯನ್ನು ಇಟ್ಟಿರುವಾಗ, ಹೆಸರಿನ ತುದಿಗೊಂದು ಗುರುತು ಸೇರಿಸಿಕೊಂಡು ಒಂಬತ್ತು ಪಿಕಾಚು ಇಡುವುದು ನಿಯಮದ ಆಶಯಕ್ಕೆ ವಿರುದ್ಧ ಎಂದು ಅವರು ತೀರ್ಮಾನಿಸಿದರು. ಐದು ಪಿಕಾಚುಗಳನ್ನು ತೆಗೆದು ಅವುಗಳ ಜಾಗಕ್ಕೆ ವಿದ್ಯುತ್ ಬಗೆಯ ಬೇಸಿಕ್ ಎನರ್ಜಿ ಸೇರಿಸಿಕೊಳ್ಳುವಂತೆ ಹುಡುಗನಿಗೆ ಹೇಳಿದರು. ಮೊದಲ ಆಟವನ್ನು ರದ್ದು ಮಾಡಿ ಪಂದ್ಯವನ್ನು ಹೊಸದಾಗಿ ಆಡಿಸಿದರು. ಹುಡುಗ ಇಎಕ್ಸ್, ವಿ ಎರಡನ್ನೂ ಪೂರ್ತಿಯಾಗಿ ತೆಗೆದ. ಸತತ ಎರಡು ಆಟ ಸೋತು ಪಂದ್ಯವನ್ನೂ ಸೋತ. ಡೆಕ್ಕಿನ ಬಲವೆಲ್ಲ ಆ ಐದು ಕಾರ್ಡ್‌ಗಳಲ್ಲಿ ಇದ್ದುದರಿಂದ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಇಂಥ ಕಡೆ ಉದ್ದೇಶದ ಮಾತು ಬಹಳ ಬೇಗ ಮನಸ್ಸನ್ನು ಒಪ್ಪಿಸುತ್ತದೆ. ಅಲ್ಲಿ ನಿಂತಿದ್ದ ನಾಲ್ಕೈದು ಜನರಲ್ಲಿ ಒಬ್ಬರೂ ತೀರ್ಪನ್ನು ಪ್ರಶ್ನಿಸಲಿಲ್ಲ, ಹುಡುಗನೂ ಸೇರಿದಂತೆ. ಯಾರೂ ನಿಯಮಪುಸ್ತಕವನ್ನು ತೆರೆಯಲಿಲ್ಲ ಎಂಬುದನ್ನು ಗಮನಿಸಬೇಕು. ಅದು ಎಲ್ಲರ ಫೋನಿನಲ್ಲೂ ಸಿಗುವಂಥದ್ದೇ ಆಗಿತ್ತು.

ಮೂರನೆಯ ಸುತ್ತಿನಲ್ಲಿ ಕೇಳಿದ ಪ್ರಶ್ನೆ

ತೀರ್ಪು ತಿರುಗಿದ್ದು ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವ ಮಧ್ಯವಯಸ್ಕ ಆಟಗಾರರೊಬ್ಬರಿಂದ. ಅವರನ್ನು ಇಲ್ಲಿ ಲೆಕ್ಕಿಗರು ಎಂದು ಕರೆಯುತ್ತೇನೆ. ಮೂರನೆಯ ಸುತ್ತಿನಲ್ಲಿ ಅವರ ಎದುರಾಳಿ ಅದೇ ವಿದ್ಯಾರ್ಥಿನಿ. ಆಕೆಯದು ಚಾರಿಜಾರ್ಡ್ ಡೆಕ್. ಆಟದ ನಡುವೆ ಒಂದು ಚಾರಿಜಾರ್ಡ್ ಇಎಕ್ಸ್, ಒಂದು ಸಾದಾ ಚಾರಿಜಾರ್ಡ್, ಒಂದು ರೇಡಿಯಂಟ್ ಚಾರಿಜಾರ್ಡ್ ಮೇಜಿನ ಮೇಲೆ ಬಂದದ್ದನ್ನು ಕಂಡ ಲೆಕ್ಕಿಗರು ತೀರ್ಪುಗಾರರನ್ನು ಕರೆದು ಶಾಂತವಾಗಿಯೇ ಕೇಳಿದರು: ‘ನೋಡಿ ಸ್ವಾಮಿ, ನಾನು ದೂರು ಕೊಡ್ತಾ ಇಲ್ಲ. ಆಗಲೇ ಆ ಹುಡುಗನಿಗೆ ಹೇಳಿದ್ದು ಈ ಮಗೂಗೂ ಅನ್ವಯಿಸುತ್ತೋ ಇಲ್ಲವೋ, ಅಷ್ಟು ಹೇಳಿಬಿಡಿ.’

ಎಣಿಸಿ ನೋಡಿದರೆ ಆಕೆಯ ಡೆಕ್‌ನಲ್ಲಿ 3 ಚಾರಿಜಾರ್ಡ್ ಇಎಕ್ಸ್, 1 ಚಾರಿಜಾರ್ಡ್, 1 ರೇಡಿಯಂಟ್ ಚಾರಿಜಾರ್ಡ್ ಇದ್ದವು. ಎರಡನೆಯ ಸುತ್ತಿನ ತೀರ್ಪಿನ ಪ್ರಕಾರ ಇವು ಐದು ಚಾರಿಜಾರ್ಡ್‌ಗಳು, ಒಂದು ತೆಗೆಯಲೇಬೇಕು. ಆದರೆ ಹಾಗೆ ಹೇಳಲು ತೀರ್ಪುಗಾರರ ಬಾಯಿ ಬರಲಿಲ್ಲ. ಸಾದಾ ಚಾರಿಜಾರ್ಡ್ ಜೊತೆ ಇಎಕ್ಸ್ ಇಡುವುದು ಆಟ ಬಲ್ಲವರೆಲ್ಲ ಮಾಡುವ ಕೆಲಸ ಎಂದು ಅವರಿಗೆ ಗೊತ್ತಿತ್ತು. ಒಂಬತ್ತು ಎಂಬ ಸಂಖ್ಯೆ ಕಣ್ಣಿಗೆ ಹೊಡೆದುದರಿಂದ ಪಿಕಾಚುವಿನ ವಿಷಯದಲ್ಲಿ ಆ ತಿಳಿವು ಮರೆಯಾಗಿತ್ತು, ಅಷ್ಟೆ. ಅವರು ಆಟ ನಿಲ್ಲಿಸಿ, ಊಟದ ವಿರಾಮವನ್ನು ಬೇಗನೆ ಕೊಟ್ಟು, ಆ ಹೊತ್ತಿನಲ್ಲಿ ಹದಿನಾರೂ ಡೆಕ್‌ಗಳನ್ನು ಪರಿಶೀಲಿಸುವುದಾಗಿ ಘೋಷಿಸಿದರು. ಇಡೀ ದಿನದಲ್ಲಿ ತೆಗೆದುಕೊಂಡ ತೀರ್ಮಾನಗಳಲ್ಲಿ ಇದೇ ಅತ್ಯುತ್ತಮವಾದದ್ದು ಎಂದು ನನ್ನ ಅಭಿಪ್ರಾಯ. ಒಂದು ಮೇಜಿನ ಪ್ರಶ್ನೆಗೆ ಆ ಮೇಜಿನಲ್ಲಷ್ಟೇ ಉತ್ತರ ಹುಡುಕಿದ್ದರೆ ಲೆಕ್ಕಿಗರು ಮತ್ತು ವಿದ್ಯಾರ್ಥಿನಿಯ ನಡುವಿನ ಜಗಳವಾಗಿ ಅದು ಉಳಿಯುತ್ತಿತ್ತು.

ಪರಿಶೀಲನೆಯಲ್ಲಿ ಕಂಡದ್ದು ಇಷ್ಟು. ವಿದ್ಯಾರ್ಥಿನಿಯ ಡೆಕ್‌ನಲ್ಲಿ ಚಾರಿಜಾರ್ಡ್‌ಗಳಲ್ಲದೆ, ಮುಂದೆ ಚಾರಿಜಾರ್ಡ್ ಆಗಿ ಬೆಳೆಯುವ ಪೋಕೆಮಾನ್ ಆದ ಚಾರ್ಮ್ಯಾಂಡರ್ 5 ಇದ್ದವು: 2023ರ ‘151’ ಸೆಟ್ಟಿನ ಮೂರು, ಅದೇ ವರ್ಷದ ‘ಅಬ್ಸಿಡಿಯನ್ ಫ್ಲೇಮ್ಸ್’ ಸೆಟ್ಟಿನ ಎರಡು. ಪ್ರೊಫೆಸರ್ಸ್ ರಿಸರ್ಚ್ ಎಂಬ ಸಪೋರ್ಟರ್ ಕಾರ್ಡ್ ಕೂಡ ಐದು. ಮೂರರಲ್ಲಿ ಹೆಸರಿನ ಕೆಳಗೆ ಆವರಣದೊಳಗೆ ಪ್ರೊಫೆಸರ್ ಸಾಡಾ ಎಂದೂ ಎರಡರಲ್ಲಿ ಪ್ರೊಫೆಸರ್ ಟುರೋ ಎಂದೂ ಇತ್ತು. ಲೆಕ್ಕಿಗರ ಡೆಕ್‌ನಲ್ಲಿ 6 ಡಬಲ್ ಟರ್ಬೋ ಎನರ್ಜಿ. ಇನ್ನೊಬ್ಬ ಯುವಕನ ಡೆಕ್‌ನಲ್ಲಿ ಪ್ರೈಮ್ ಕ್ಯಾಚರ್ ಒಂದು, ಹೀರೋಸ್ ಕೇಪ್ ಒಂದು. ಎರಡೂ ಏಸ್ ಸ್ಪೆಕ್ ಎಂಬ ವಿಶೇಷ ವರ್ಗದ ಕಾರ್ಡ್‌ಗಳು. ಮತ್ತೊಬ್ಬರ ಡೆಕ್‌ನಲ್ಲಿ 59 ಕಾರ್ಡ್ ಮಾತ್ರ ಇತ್ತು. ಉಳಿದೊಂದು ಅವರ ಚೀಲದಲ್ಲೇ ಸಿಕ್ಕಿತು. ಬೇಕೆಂದೇ ತಪ್ಪು ಮಾಡಿದವರು ಯಾರೂ ಇರಲಿಲ್ಲ ಎಂಬುದರಲ್ಲಿ ಎಲ್ಲರಿಗೂ ಸಹಮತವಿತ್ತು.

ಮೂರು ಓದುಗಳು

ಕ್ಯಾತ್ಸಂದ್ರದಿಂದ ತರಿಸಿದ್ದ ತಟ್ಟೆ ಇಡ್ಲಿ ಮುಗಿಯುವ ಹೊತ್ತಿಗೆ, ‘ಒಂದೇ ಕಾರ್ಡ್’ ಎಂಬ ಮಾತಿಗೆ ಮೂರು ಬೇರೆ ಬೇರೆ ಅರ್ಥಗಳು ಆ ಕೋಣೆಯಲ್ಲಿ ಓಡಾಡುತ್ತಿರುವುದು ಸ್ಪಷ್ಟವಾಯಿತು. ಮೊದಲ ತೀರ್ಪು ಕಾರ್ಡಿನ ಮೇಲಿನ ಪ್ರಾಣಿಯನ್ನು ಎಣಿಸಿತ್ತು: ಪಿಕಾಚುವಿನ ಮುಖ ಇದ್ದದ್ದೆಲ್ಲ ಪಿಕಾಚು. ವಿದ್ಯಾರ್ಥಿನಿ ಚಾರ್ಮ್ಯಾಂಡರ್ ವಿಷಯದಲ್ಲಿ ಇದಕ್ಕೆ ನೇರ ವಿರುದ್ಧವಾದ ವಾದ ಹೂಡಿದಳು: ‘151’ರ ಚಾರ್ಮ್ಯಾಂಡರಿನ ದಾಳಿಯೇ ಬೇರೆ, ಮತ್ತೊಂದರ ದಾಳಿಯೇ ಬೇರೆ, ಚಿತ್ರ ಬೇರೆ, ಸಂಖ್ಯೆ ಬೇರೆ, ಹೀಗಿರುವಾಗ ಅವು ಒಂದೇ ಕಾರ್ಡ್ ಹೇಗಾದಾವು? ಕಾರ್ಡನ್ನು ಅಕ್ಷರ ಅಕ್ಷರವಾಗಿ ಓದಿದವರ ವಾದ ಇದು. ಇದನ್ನು ತಳ್ಳಿಹಾಕುವುದು ಸುಲಭವಲ್ಲ. ಮೂರನೆಯ ಓದು ಕಾರ್ಡಿನ ತಲೆಯ ಮೇಲೆ ಅಚ್ಚಾದ ಹೆಸರನ್ನಷ್ಟೇ ಎಣಿಸುವುದು.

ಆಗ ನಿಯಮಪುಸ್ತಕ ತೆರೆಯಲಾಯಿತು. ಅದು ಮೂರನೆಯ ಓದನ್ನೇ ಹೇಳುತ್ತದೆ: ಮಿತಿ ಇರುವುದು ಒಂದೇ ಹೆಸರಿನ ಕಾರ್ಡ್‌ಗಳಿಗೆ. ಇಎಕ್ಸ್, ವಿ ಮೊದಲಾದವು ಹೆಸರಿನ ಭಾಗವೇ. ಆದ್ದರಿಂದ ಪಿಕಾಚು, ಪಿಕಾಚು ವಿ, ಪಿಕಾಚು ಇಎಕ್ಸ್ ಮೂರು ಹೆಸರುಗಳು, ಒಂದೊಂದರಲ್ಲೂ ನಾಲ್ಕರವರೆಗೆ ಇಡಬಹುದು. ಒಡೆಯರ ಹೆಸರು ಸೇರಿದ ಪೋಕೆಮಾನ್‌ಗಳಿಗೂ ಇದೇ ಮಾತು: ಟೀಮ್ ರಾಕೆಟ್ಸ್ ಮ್ಯೂಟೂ ಇಎಕ್ಸ್ ಬೇರೆ, ಮ್ಯೂಟೂ ಇಎಕ್ಸ್ ಬೇರೆ. ಆದರೆ ಹಳೆಯ ಕೆಲವು ಕಾರ್ಡ್‌ಗಳಲ್ಲಿ ಹೆಸರಿನ ಪಕ್ಕದಲ್ಲೇ ಅಚ್ಚಾಗಿರುವ ಲೆವೆಲ್ ಸಂಖ್ಯೆ ಹೆಸರಿನ ಭಾಗವಲ್ಲ. ಪ್ರೊಫೆಸರ್ಸ್ ರಿಸರ್ಚ್ ಕಾರ್ಡಿನಲ್ಲಿ ಆವರಣದೊಳಗಿರುವ ಪ್ರೊಫೆಸರರ ಹೆಸರೂ ಅಷ್ಟೆ. ಸಾಡಾ ಇರಲಿ, ಟುರೋ ಇರಲಿ, ಎಲ್ಲ ಸೇರಿ ನಾಲ್ಕೇ. ಕಣ್ಣಿಗೆ ಒಂದೇ ಥರ ಕಾಣುವ ಎರಡು ಗುರುತುಗಳಲ್ಲಿ ಒಂದು ಹೆಸರಿಗೆ ಸೇರುತ್ತದೆ, ಇನ್ನೊಂದು ಸೇರುವುದಿಲ್ಲ. ಇದನ್ನು ಊಹಿಸಿ ಕಂಡುಕೊಳ್ಳಲು ಬರುವುದಿಲ್ಲ, ನೋಡಿಯೇ ತಿಳಿಯಬೇಕು.

ಪುಸ್ತಕದ ಮಾತು ಸಿಕ್ಕ ಮೇಲೂ ಹುಡುಗನ ಒಂಬತ್ತು ಪಿಕಾಚುಗಳ ಬಗ್ಗೆ ಕೆಲವರಿಗೆ ಸಮಾಧಾನವಾಗಲಿಲ್ಲ. ಇಲ್ಲಿ ನೆರವಿಗೆ ಬಂದದ್ದು, ವಿಚಿತ್ರವೆಂದರೆ, ಎರಡು ಏಸ್ ಸ್ಪೆಕ್ ಇಟ್ಟಿದ್ದ ಯುವಕನ ತಪ್ಪು. 2012ರಲ್ಲಿ ಬಂದು, ನಡುವೆ ನಿಂತು, 2024ರಲ್ಲಿ ಮರಳಿದ ಏಸ್ ಸ್ಪೆಕ್ ಕಾರ್ಡ್‌ಗಳ ಮೇಲೆಯೇ, ಡೆಕ್‌ನಲ್ಲಿ ಏಸ್ ಸ್ಪೆಕ್ ಒಂದಕ್ಕಿಂತ ಹೆಚ್ಚು ಇರಬಾರದು ಎಂದು ಅಚ್ಚಾಗಿದೆ. ಹೆಸರು ಯಾವುದಾದರೂ ಸರಿ. 2022ರಲ್ಲಿ ಬಂದ ರೇಡಿಯಂಟ್ ಪೋಕೆಮಾನ್‌ಗಳ ಮೇಲೂ ಅದೇ ಬಗೆಯ ಸಾಲು ಇದೆ. ಎಂದರೆ, ನಿಯಮ ಮಾಡಿದವರಿಗೆ ಹೆಸರನ್ನು ಬಿಟ್ಟು ಒಂದು ವರ್ಗವನ್ನೇ ಎಣಿಸಬೇಕು ಎನ್ನಿಸಿದಾಗ ಅವರು ಅದನ್ನು ಬಾಯಿಬಿಟ್ಟು ಹೇಳಿದ್ದಾರೆ. ಪಿಕಾಚು ಮುಖದವೆಲ್ಲ ಸೇರಿ ನಾಲ್ಕು ಎಂದು ಎಲ್ಲಿಯೂ ಹೇಳಿಲ್ಲ. ಹೇಳಬಲ್ಲವರು ಹೇಳದೆ ಬಿಟ್ಟದ್ದನ್ನು ಆಶಯದ ಹೆಸರಿನಲ್ಲಿ ನಾವು ಸೇರಿಸುವಂತಿಲ್ಲ. ತೀರ್ಪುಗಾರರು ಇದನ್ನು ಮಂಡಿಸಿದಾಗ ಕೋಣೆ ಮೊದಲ ಬಾರಿಗೆ ಒಪ್ಪಿತು ಎಂದು ನನಗನ್ನಿಸಿತು.

ವಿದ್ಯಾರ್ಥಿನಿಯ ಓದು ಏಕೆ ನಿಲ್ಲುವುದಿಲ್ಲ ಎಂಬುದನ್ನು ಬೇರೊಬ್ಬರು ವಿವರಿಸಿದರು. 1999ರಲ್ಲಿ ಇಂಗ್ಲಿಷ್‌ನಲ್ಲಿ ಬಂದ ಮೊದಲ ಸೆಟ್ಟಿನ ಚಾರ್ಮ್ಯಾಂಡರಿಗೆ 50 ಎಚ್‌ಪಿ ಇತ್ತು. ಅಲ್ಲಿಂದೀಚೆಗೆ ಅದೇ ಹೆಸರಿನಲ್ಲಿ ಹಲವು ಕಾರ್ಡ್‌ಗಳು ಬೇರೆ ಬೇರೆ ಎಚ್‌ಪಿ, ಬೇರೆ ಬೇರೆ ದಾಳಿಗಳೊಂದಿಗೆ ಬಂದಿವೆ. ಒಂದೊಂದೂ ಬೇರೆ ಕಾರ್ಡ್ ಎಂದರೆ, ಯಾವ ವರ್ಷದ ಕಾರ್ಡಿಗೂ ಅವಕಾಶವಿರುವ ಇಂಥ ಸ್ಪರ್ಧೆಯಲ್ಲಿ ಚಾರ್ಮ್ಯಾಂಡರಿಗೆ ಮಿತಿಯೇ ಇಲ್ಲದಂತಾಗುತ್ತದೆ. ಆಕೆ ಇದನ್ನು ಕೂಡಲೇ ಒಪ್ಪಿದಳು, ಆದರೆ ತನ್ನ ಓದಿಗೆ ನಿಯಮಪುಟದ ಮಾತೇ ಆಧಾರವಾಗಿತ್ತು ಎಂಬುದನ್ನು ಬಿಟ್ಟುಕೊಡಲಿಲ್ಲ. ಬಿಟ್ಟುಕೊಡಬೇಕಾಗಿಯೂ ಇರಲಿಲ್ಲ.

ಪುಟದ ಮಾತು ಹಾಗೇಕೆ ಬಂತು

ನಿಯಮಪುಟವನ್ನು ಬರೆದವರು ಕಾಲೇಜಿನ ದಿನಗಳಿಂದ ಮ್ಯಾಜಿಕ್: ದಿ ಗ್ಯಾದರಿಂಗ್ ಆಡಿದವರು. ರಿಚರ್ಡ್ ಗಾರ್ಫೀಲ್ಡ್ ರೂಪಿಸಿದ, 1993ರಲ್ಲಿ ಬಿಡುಗಡೆಯಾದ ಆ ಕಾರ್ಡ್ ಆಟದಲ್ಲೂ ನಾಲ್ಕರ ಮಿತಿ ಇದೆ. ಆದರೆ ಮ್ಯಾಜಿಕ್‌ನಲ್ಲಿ ಒಂದೇ ಹೆಸರಿನ ಕಾರ್ಡ್ ಎಷ್ಟು ಸೆಟ್‌ಗಳಲ್ಲಿ ಮರುಮುದ್ರಣವಾಗಿರಲಿ, ಚಿತ್ರ ಎಷ್ಟು ಬದಲಾಗಿರಲಿ, ಅದರ ಕೆಲಸ ಒಂದೇ. ಹಳೆಯ ಕಾರ್ಡಿನ ಮೇಲೆ ಏನೇ ಅಚ್ಚಾಗಿದ್ದರೂ ಅಧಿಕೃತ ಪಠ್ಯ ಒಂದೇ ಇರುತ್ತದೆ. ಆದ್ದರಿಂದ ಅಲ್ಲಿ ಒಂದೇ ಕಾರ್ಡ್ ಎಂದರೂ ಒಂದೇ ಹೆಸರಿನ ಕಾರ್ಡ್ ಎಂದರೂ ವ್ಯತ್ಯಾಸವಿಲ್ಲ. ಪೋಕೆಮಾನ್‌ನಲ್ಲಿ ಒಂದು ಹೆಸರಿನ ಕೆಳಗೆ ಒಂದಕ್ಕೊಂದು ಸಂಬಂಧವಿಲ್ಲದ ಹತ್ತಾರು ಕಾರ್ಡ್‌ಗಳು ಇರುತ್ತವೆ. ಮ್ಯಾಜಿಕ್‌ನಲ್ಲಿ ನಿರಪಾಯವಾದ ಮಾತು ಇಲ್ಲಿ ಸಂದಿಗ್ಧವಾಯಿತು. ಈ ಪ್ರಕರಣದಲ್ಲಿ ನಾನು ಹೊಸದಾಗಿ ತಿಳಿದ ಸಂಗತಿ ಎಂದರೆ ಇದೇ: ನಿಯಮದ ಸಂದಿಗ್ಧತೆ ಬರೆದವರ ಅಜ್ಞಾನದಿಂದ ಹುಟ್ಟಲಿಲ್ಲ, ಹತ್ತಿರದ ಇನ್ನೊಂದು ಆಟದ ಚೆನ್ನಾದ ಪರಿಚಯದಿಂದ ಹುಟ್ಟಿತು.

ಮೂರನೆಯ ಆಟವೊಂದರ ಉದಾಹರಣೆಯನ್ನೂ ಇಲ್ಲಿ ಹೇಳುವುದು ಉಪಯುಕ್ತ. ಯು-ಗಿ-ಓ ಆಟದಲ್ಲಿ ಮಿತಿ ಮೂರು. ಮುಖ್ಯ ಡೆಕ್, ಎಕ್ಸ್‌ಟ್ರಾ ಡೆಕ್, ಸೈಡ್ ಡೆಕ್ ಮೂರನ್ನೂ ಸೇರಿಸಿ ಎಣಿಸಬೇಕು. ಅಲ್ಲಿ ಹಾರ್ಪಿ ಲೇಡಿ 1, ಹಾರ್ಪಿ ಲೇಡಿ 2, ಹಾರ್ಪಿ ಲೇಡಿ 3 ಎಂಬ ಕಾರ್ಡ್‌ಗಳಿವೆ. ತಲೆಯ ಮೇಲೆ ಅಚ್ಚಾಗಿರುವ ಹೆಸರುಗಳು ಬೇರೆಯಾದರೂ ಈ ಕಾರ್ಡಿನ ಹೆಸರನ್ನು ಸದಾ ಹಾರ್ಪಿ ಲೇಡಿ ಎಂದೇ ಪರಿಗಣಿಸಬೇಕು ಎಂಬ ಸಾಲು ಅವುಗಳಲ್ಲಿ ಇದೆ. ಡೆಕ್ ಕಟ್ಟುವಾಗಲೂ ಅದು ಅನ್ವಯಿಸುವುದರಿಂದ ಎಲ್ಲ ಸೇರಿ ಮೂರೇ ಇಡಬಹುದು. ಹಾರ್ಪಿ ಕ್ವೀನ್ ಎಂಬ ಕಾರ್ಡಿಗಾದರೋ ಆ ಹೆಸರು ಬರುವುದು ಅದು ಮೈದಾನದಲ್ಲಿ ಅಥವಾ ಗ್ರೇವ್‌ಯಾರ್ಡ್‌ನಲ್ಲಿ ಇರುವಾಗ ಮಾತ್ರ. ಹಾಗಾಗಿ ಡೆಕ್ ಕಟ್ಟುವಾಗ ಅದನ್ನು ಪ್ರತ್ಯೇಕವಾಗಿ ಎಣಿಸಬೇಕು. ಆಟ ಯಾವುದಾದರೂ ಮಿತಿಯು ಹೆಸರಿಗೆ ಸಂಬಂಧಿಸಿದ್ದು. ಆದರೆ ಹೆಸರು ಯಾವುದು ಎಂದು ತಿಳಿಯಲು ಒಂದು ಆಟದಲ್ಲಿ ಕಾರ್ಡಿನ ತಲೆಯನ್ನು, ಇನ್ನೊಂದರಲ್ಲಿ ಹೊಟ್ಟೆಯನ್ನು ಓದಬೇಕಾಗುತ್ತದೆ.

ಪರಿಹಾರಗಳು

ಅರ್ಥ ನಿರ್ಣಯವಾದ ಮೇಲೆ ಉಳಿದದ್ದು ಅದಕ್ಕಿಂತ ಕಷ್ಟದ ಕೆಲಸ. ಲೆಕ್ಕಿಗರ 6 ಡಬಲ್ ಟರ್ಬೋ ಎನರ್ಜಿಯನ್ನು ಏನು ಮಾಡಬೇಕು? ಅದು ಒಂದೇ ಕಾರ್ಡಿನಿಂದ ಎರಡು ಎನರ್ಜಿ ಕೊಡುವ, ಬದಲಿಗೆ ದಾಳಿಯ ಹಾನಿಯನ್ನು 20 ಕಡಿಮೆ ಮಾಡುವ ಸ್ಪೆಷಲ್ ಎನರ್ಜಿ. ಅಧಿಕೃತ ನಿಯಮದಲ್ಲಿ ಬೇಸಿಕ್ ಎನರ್ಜಿಗೆ ಮಾತ್ರ ಮಿತಿ ಇಲ್ಲ, ಸ್ಪೆಷಲ್ ಎನರ್ಜಿಗೆ ನಾಲ್ಕರ ಮಿತಿ ಇದ್ದೇ ಇದೆ. ಲೆಕ್ಕಿಗರು ಫೋನ್ ತೆಗೆದು ‘ಎನರ್ಜಿಗೆ ಮಿತಿ ಇಲ್ಲ’ ಎಂಬ ಸಾಲನ್ನು ತೋರಿಸಿ ಸುಮ್ಮನೆ ಕುಳಿತರು. ತೀರ್ಪುಗಾರರು ಆ ದಿನದ ಮಟ್ಟಿಗೆ ಆರನ್ನೂ ಇಟ್ಟುಕೊಳ್ಳಲು ಬಿಟ್ಟರು. ಬೇರೆ ಯಾರಿಗಾದರೂ ಸ್ಪೆಷಲ್ ಎನರ್ಜಿ ಹೆಚ್ಚಿಸಿಕೊಳ್ಳುವ ಇಚ್ಛೆ ಇದ್ದರೆ ಅವರಿಗೂ ಅವಕಾಶ ಎಂದು ಸಾರಿದರು.

ಕೂಡಲೇ ವಿದ್ಯಾರ್ಥಿನಿ ಎದ್ದು ಕೇಳಿದಳು: ಪುಟದ ಮಾತನ್ನು ನಂಬಿದವರಿಗೆ ರಿಯಾಯಿತಿ ಇದೆ ಎಂದಾದರೆ ನನ್ನ ಐದನೆಯ ಚಾರ್ಮ್ಯಾಂಡರಿಗೆ ಏಕಿಲ್ಲ? ಇಡೀ ಪ್ರಕರಣದ ಗಂಟು ಈ ಪ್ರಶ್ನೆಯಲ್ಲಿದೆ. ತೀರ್ಪುಗಾರರು ಕೊಟ್ಟ ಉತ್ತರ ಹೀಗಿತ್ತು. ಎನರ್ಜಿಯ ಸಾಲಿನಲ್ಲಿ ಸಂದೇಹಕ್ಕೆ ಎಡೆಯಿಲ್ಲ. ಅದು ಅಧಿಕೃತ ನಿಯಮಕ್ಕಿಂತ ಭಿನ್ನ, ಆದರೆ ಸ್ಪಷ್ಟ. ಪ್ರಕಟಿಸಿದ ಸ್ಪಷ್ಟ ಮಾತನ್ನು ಆಟದ ನಡುವೆ ಹಿಂದಕ್ಕೆ ಪಡೆಯುವುದು ನ್ಯಾಯವಲ್ಲ. ‘ಒಂದೇ ಕಾರ್ಡ್’ ಎಂಬ ಮಾತು ಹಾಗಲ್ಲ. ಅದನ್ನು ಮೂರು ಜನ ಮೂರು ರೀತಿ ಓದಿದ್ದಾರೆ. ಸಂದೇಹ ಬಂದ ಕಡೆ ಎಲ್ಲಿಗೆ ಹೋಗಬೇಕೆಂದು ಅದೇ ಪುಟದ ಕೊನೆಯ ಸಾಲು ಹೇಳುತ್ತದೆ. ಅಲ್ಲಿಗೆ ಹೋದರೆ ಹೆಸರೇ ಅಳತೆ. ಹುಡುಗನ ಒಂಬತ್ತು ಪಿಕಾಚು ಸರಿ, ನಿನ್ನ ಐದು ಚಾರಿಜಾರ್ಡ್ ಸರಿ, ಐದು ಚಾರ್ಮ್ಯಾಂಡರ್ ಸರಿಯಲ್ಲ. ಆಕೆ ಒಂದು ಚಾರ್ಮ್ಯಾಂಡರ್, ಒಂದು ಪ್ರೊಫೆಸರ್ಸ್ ರಿಸರ್ಚ್ ತೆಗೆದು ಎರಡು ಬೆಂಕಿ ಎನರ್ಜಿ ಹಾಕಿಕೊಂಡಳು. ಏಸ್ ಸ್ಪೆಕ್ ಯುವಕ ಹೀರೋಸ್ ಕೇಪನ್ನು ತೆಗೆದ. ದಂಡನೆ ಯಾರಿಗೂ ಆಗಲಿಲ್ಲ.

ಇನ್ನು ಎರಡನೆಯ ಸುತ್ತಿನ ಫಲಿತಾಂಶ. ಹುಡುಗನನ್ನು ಕರೆತಂದಿದ್ದ ಅವನ ಸೋದರಮಾವ, ನಿಯಮದಂತೆ ಕಟ್ಟಿದ ಡೆಕ್ಕನ್ನು ಒಡೆಸಿ ಸೋಲಿಸಿದ್ದೀರಿ, ಎದುರಾಳಿಯ ಡೆಕ್ಕೇ ನಿಯಮ ಮೀರಿತ್ತು, ಆದ್ದರಿಂದ ಪಂದ್ಯ ಹುಡುಗನಿಗೆ ಸೇರಬೇಕು ಎಂದು ವಾದಿಸಿದರು. ವಿದ್ಯಾರ್ಥಿನಿಯ ಕಡೆಯವರು, ಆಕೆ ತೀರ್ಪನ್ನು ಪಾಲಿಸಿ ಆಡಿ ಗೆದ್ದಿದ್ದಾಳೆ, ಆ ಗೆಲುವನ್ನು ಕಿತ್ತುಕೊಳ್ಳುವುದು ಸರಿಯಲ್ಲ ಎಂದರು. ಮತ್ತೆ ಆಡಿಸಲು ಸಮಯ ಸಾಲದು. ತೀರ್ಪುಗಾರರು ಪಂದ್ಯವನ್ನು ರದ್ದುಪಡಿಸಿ ಇಬ್ಬರಿಗೂ ಒಂದೊಂದು ಅಂಕ ಕೊಟ್ಟರು. ನಿಲ್ಲಿಸಿದ್ದ ಮೂರನೆಯ ಸುತ್ತಿನ ಪಂದ್ಯವನ್ನು ತಿದ್ದಿದ ಡೆಕ್‌ಗಳೊಂದಿಗೆ ಮೊದಲಿನಿಂದ ಆಡಿಸಿದರು.

ಈ ಹಂಚಿಕೆಯನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಹುಡುಗನ ಹಕ್ಕನ್ನು ಕಿತ್ತುಕೊಂಡದ್ದು ತೀರ್ಪು, ಎದುರಾಳಿಯಲ್ಲ ಎಂಬುದು ನಿಜ. ಆದರೆ ರದ್ದಾದ ಮೊದಲ ಆಟವನ್ನು ಅವನು ಸರಿಯಾದ ಡೆಕ್ಕಿನಿಂದಲೇ ಗೆದ್ದಿದ್ದ. ಆ ಒಂದು ಆಟದ ಗೆಲುವನ್ನು ಅವನಿಗೆ ಮರಳಿಸಿ, ಅಲ್ಲಿಂದ ಪಂದ್ಯವನ್ನು ಮುಂದುವರಿಸಬಹುದಿತ್ತು; ಅರ್ಧ ಗಂಟೆ ತಡವಾಗುತ್ತಿತ್ತು, ಅಷ್ಟೆ. ಸಮಬಲದ ತೀರ್ಮಾನ ಜಗಳವನ್ನು ಶಮನಗೊಳಿಸಿತು, ತಕ್ಕ ನ್ಯಾಯವನ್ನು ಕೊಡಲಿಲ್ಲ. ತೀರ್ಪುಗಾರರಿಗೆ ಇದನ್ನು ಹೇಳಿದಾಗ, ಅವರು ತಮ್ಮ ಆಯ್ಕೆಗೆ ಬೇರೊಂದು ಕಾರಣ ಕೊಟ್ಟರು: ವಿದ್ಯಾರ್ಥಿನಿ ದೂರು ಕೊಟ್ಟು ತಾನೇ ಸಿಕ್ಕಿಬಿದ್ದಳು ಎಂಬ ಮಾತು ಆಗಲೇ ಕೆಲವರ ಬಾಯಲ್ಲಿ ಬಂದಿತ್ತು, ಪಂದ್ಯವೂ ಕೈತಪ್ಪಿದರೆ ಇನ್ನು ಮುಂದೆ ಯಾರೂ ಸಂದೇಹ ಬಂದಾಗ ಕೈಯೆತ್ತುವುದಿಲ್ಲ. ಈ ಕಾರಣಕ್ಕೂ ತೂಕವಿದೆ.

ಆಮೇಲೆ ಬದಲಾದದ್ದು

ಹುಡುಗ ತನ್ನ ಒಂಬತ್ತು ಪಿಕಾಚುಗಳೊಂದಿಗೆ ಉಳಿದ ಸುತ್ತನ್ನು ಆಡಿ ಪಟ್ಟಿಯ ಮಧ್ಯದಲ್ಲಿ ನಿಂತ. ವಿದ್ಯಾರ್ಥಿನಿ ಕೊನೆಯ ಸುತ್ತನ್ನು ಗೆದ್ದಳು. ಬಹುಮಾನ ಈ ವಿವಾದಕ್ಕೆ ಸಂಬಂಧವೇ ಇಲ್ಲದ ಇನ್ನೊಬ್ಬರಿಗೆ ಹೋಯಿತು.

ಮುಂದಿನ ಸ್ಪರ್ಧೆಗೆ ನಿಯಮಪುಟವನ್ನು ಹೊಸದಾಗಿ ಬರೆಯಲಾಯಿತು. ‘ಒಂದೇ ಕಾರ್ಡ್’ ಎಂಬಲ್ಲಿ ‘ಒಂದೇ ಹೆಸರಿನ ಕಾರ್ಡ್’ ಎಂದೂ, ‘ಎನರ್ಜಿ’ ಎಂಬಲ್ಲಿ ‘ಬೇಸಿಕ್ ಎನರ್ಜಿ’ ಎಂದೂ ತಿದ್ದಿದರು. ಅದರ ಕೆಳಗೆ ಎರಡು ಉದಾಹರಣೆಗಳನ್ನು ಸೇರಿಸಿದರು, ಒಂದು ಪಿಕಾಚುವಿನದು, ಇನ್ನೊಂದು ಚಾರ್ಮ್ಯಾಂಡರಿನದು. ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬಂದದ್ದು ಡೆಕ್ ಪಟ್ಟಿ. ಪ್ರತಿಯೊಬ್ಬರೂ ಹಿಂದಿನ ದಿನವೇ ತಮ್ಮ 60 ಕಾರ್ಡ್‌ಗಳ ಹೆಸರು, ಸೆಟ್, ಸಂಖ್ಯೆ, ಎಷ್ಟು ಪ್ರತಿ ಎಂಬುದನ್ನು ಬರೆದು ಕಳುಹಿಸಬೇಕು. ಹೆಸರಿನ ಅನುಕ್ರಮದಲ್ಲಿ ಬರೆಯಬೇಕೆಂಬ ಷರತ್ತನ್ನು ಹಾಕಿಸಿದವರು ಲೆಕ್ಕಿಗರು. ಹಾಗೆ ಬರೆದಾಗ ಎರಡು ಸೆಟ್ಟಿನ ಚಾರ್ಮ್ಯಾಂಡರ್‌ಗಳು ಒಂದರ ಕೆಳಗೊಂದು ಬಂದು ಕೂರುತ್ತವೆ, ಬರೆಯುವವರಿಗೇ ತಪ್ಪು ಕಾಣುತ್ತದೆ. ಪಟ್ಟಿ ಕಳುಹಿಸಿದ ಮೇಲೆ ಕರೆ ಮಾಡಿ, ‘ಅಣ್ಣ, ನಂದು ಐದಾಗಿದೆ, ಒಂದು ತೆಗೀತೀನಿ’ ಎಂದವರೂ ಇದ್ದಾರೆ.

ಹೊಸ ಪುಟವೂ ಎಲ್ಲ ಸಂದೇಹಗಳನ್ನು ಮುಚ್ಚಿಲ್ಲ. ಹಳೆಯ ಕಾರ್ಡ್‌ಗಳ ಸಂಗ್ರಾಹಕರೊಬ್ಬರು 2009ರ ಪ್ಲಾಟಿನಂ ಸರಣಿಯ ಆರ್ಸಿಯಸ್ ಕಾರ್ಡ್‌ಗಳನ್ನು ನಾಲ್ಕಕ್ಕಿಂತ ಹೆಚ್ಚು ಸೇರಿಸಿ ಪಟ್ಟಿ ಕಳುಹಿಸಿದರು. ಆ ಕಾರ್ಡಿನ ಮೇಲೆಯೇ, ಇದನ್ನು ಡೆಕ್‌ನಲ್ಲಿ ಎಷ್ಟು ಬೇಕಾದರೂ ಇಡಬಹುದು ಎಂದು ಅಚ್ಚಾಗಿದೆ. ಮ್ಯಾಜಿಕ್‌ನಲ್ಲೂ 2004ರ ರಿಲೆಂಟ್‌ಲೆಸ್ ರ‍್ಯಾಟ್ಸ್ ಎಂಬ ಕಾರ್ಡಿನ ಮೇಲೆ ಅಂಥದೇ ಸಾಲಿದೆ, ಮತ್ತು ಕಾರ್ಡಿನ ಮಾತು ಸಾಮಾನ್ಯ ನಿಯಮಕ್ಕೆ ವಿರುದ್ಧವಾದಾಗ ಕಾರ್ಡಿನದೇ ಮೇಲುಗೈ ಎಂಬುದು ಅಲ್ಲಿನ ಮೊದಲ ನಿಯಮಗಳಲ್ಲಿ ಒಂದು. ಹೊಸ ಪುಟದ ಸಾಲಾದರೋ ‘ಒಂದೇ ಹೆಸರಿನ ಕಾರ್ಡ್ 4ಕ್ಕಿಂತ ಹೆಚ್ಚು ಬೇಡ’ ಎಂದು ಸ್ಪಷ್ಟವಾಗಿಯೇ ಇದೆ. ಸ್ಪಷ್ಟ ಮಾತಿಗೆ ಪುಟವೇ ಪ್ರಮಾಣ ಎಂದು ಲೆಕ್ಕಿಗರ ಎನರ್ಜಿಯ ವಿಷಯದಲ್ಲಿ ಕೊಟ್ಟ ತೀರ್ಪನ್ನು ಇಲ್ಲಿಗೂ ಎಳೆದರೆ ಆರ್ಸಿಯಸ್ ನಾಲ್ಕಕ್ಕೇ ನಿಲ್ಲಬೇಕು. ತೀರ್ಪುಗಾರರು ಆ ಪಟ್ಟಿಯನ್ನು ಸ್ಪರ್ಧೆಗೆ ಮೊದಲೇ ಗುಂಪಿನ ಮುಂದಿಟ್ಟು, ಎಲ್ಲರಿಗೂ ತಿಳಿಸಿ, ಕಾರ್ಡಿನ ಮೇಲೆ ಬೇರೆ ಮಿತಿ ಅಚ್ಚಾಗಿದ್ದರೆ ಅದೇ ಅನ್ವಯ ಎಂಬ ಸಾಲನ್ನು ಪುಟಕ್ಕೆ ಸೇರಿಸಿ, ಆರ್ಸಿಯಸ್ ಡೆಕ್ಕಿಗೆ ಅನುಮತಿ ಕೊಟ್ಟರು. ಏಸ್ ಸ್ಪೆಕ್, ರೇಡಿಯಂಟ್ ಕಾರ್ಡ್‌ಗಳ ಮಿತಿಗೂ ಈಗ ಪುಟದಲ್ಲಿ ಆಧಾರವಾಗಿರುವುದು ಅದೇ ಸಾಲು.